ಮಾವನ ಬಿಎಂಡಬ್ಲ್ಯು 650ಐ ಮಾರಿದ ಅನುಭವ: ಗಿರಾಕಿ ಹುಡುಕುವ ಮೊದಲು ಕಾಗದ ಸರಿ ಮಾಡಿಕೊಳ್ಳಿ

ಸೋದರಮಾವನ ಕಾರು ಕೊನೆಗೂ ಹೊಸ ಮಾಲೀಕರ ಹೆಸರಿಗೆ ಆಗಿದೆ. ಮಾವ ತೀರಿಕೊಂಡಿದ್ದು 2024ರ ಮಳೆಗಾಲ ಮುಗಿಯುವ ಹೊತ್ತಿಗೆ. ಕಾರಿನ ಕೆಲಸ ಪೂರ್ತಿ ಮುಗಿಯುವಾಗ ಮುಂದಿನ ವರ್ಷದ ಮಳೆಯೂ ಕಳೆದಿತ್ತು. ಉಡುಪಿ, ಮಂಗಳೂರು ಕಡೆ ಇಂಥ ಮನೆಗಳು ತುಂಬಾ ಇವೆ. ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ. ಅಂಗಳದ ಶೆಡ್‌ನಲ್ಲಿ ಒಂದು ಒಳ್ಳೆಯ ಹಳೇ ಕಾರು ನಿಂತಿರುತ್ತದೆ. ಅದರ ಆರ್‌ಸಿ ತೀರಿಹೋದವರ ಹೆಸರಿನಲ್ಲೇ ಇರುತ್ತದೆ. ಅಂಥವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕಾರು 2010ರ ಬಿಎಂಡಬ್ಲ್ಯು 650ಐ ಕೂಪೆ. ಎರಡು ಬಾಗಿಲು, ಮುಂದೆ ಇಬ್ಬರಿಗೆ ಧಾರಾಳ ಜಾಗ, ಹಿಂದೆ ಎರಡು ಚಿಕ್ಕ ಸೀಟು. 4.8 ಲೀಟರ್ ವಿ8 ಎಂಜಿನ್, ಟರ್ಬೊ ಇಲ್ಲ, 367 ಅಶ್ವಶಕ್ತಿ. ಗ್ರ್ಯಾಂಡ್ ಟೂರರ್ ಎಂದು ಕರೆಯುವುದು ಇಂಥ ಕಾರುಗಳನ್ನೇ. ರೇಸಿಗಲ್ಲ, ದೂರದ ಊರಿಗೆ ವೇಗವಾಗಿ, ಬೆನ್ನು ನೋಯದ ಹಾಗೆ ಹೋಗಿ ಸೇರಲು ಮಾಡಿದ್ದು. ಈ ಮಾದರಿ 2003ರಿಂದ 2010ರವರೆಗೆ ಜರ್ಮನಿಯ ಡಿಂಗೊಲ್ಫಿಂಗ್ ಕಾರ್ಖಾನೆಯಲ್ಲಿ ತಯಾರಾಯಿತು. ಮಾವನದು ಕೊನೆಯ ವರ್ಷದ ಗಾಡಿ. ಬೆಳಿಗ್ಗೆ ನಾಲ್ಕಕ್ಕೆ ಕಲ್ಯಾಣಪುರದ ಮನೆಯಿಂದ ಹೊರಟು, ಶಿರಾಡಿ ಹತ್ತಿ, ಸಕಲೇಶಪುರದಲ್ಲಿ ತಿಂಡಿ ತಿಂದು ಬೆಂಗಳೂರು ಸೇರುವುದು ಅವರಿಗೆ ತುಂಬಾ ಇಷ್ಟ. ಹದಿನೈದು ವರ್ಷದಲ್ಲಿ ಕಾರು ಓಡಿದ್ದು 61,000 ಕಿಲೋಮೀಟರ್. ಒಂದೊಂದು ಬಿಲ್ಲನ್ನೂ ಮಾವ ನೀಲಿ ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದರು. ಆ ಫೈಲು ಕೊನೆಗೆ ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ಅತ್ತೆ ನನ್ನನ್ನು ಕರೆದು, "ಇದನ್ನು ಮಾರಿಬಿಡುವ. ಶೆಡ್‌ನಲ್ಲಿ ನಿಂತು ಹಾಳಾಗುವುದನ್ನು ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ" ಅಂದರು. ದುಬೈಯಲ್ಲಿರುವ ಮಗನಿಗೆ ಇಟ್ಟುಕೊಳ್ಳುವ ಆಸೆ ಇತ್ತು. ಆದರೆ ವರ್ಷಕ್ಕೊಮ್ಮೆ ಬಂದು ಹೋಗುವವರು ಈ ಕಾರು ಸಾಕುವುದು ಕಷ್ಟ. ಮಲ್ಪೆಯ ಉಪ್ಪು ಗಾಳಿ ಅಷ್ಟು ಹತ್ತಿರ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆ. ಕೊನೆಗೆ ಅವನೂ ಒಪ್ಪಿದ.

ಮೊದಲ ಕೆಲಸ, ಆರ್‌ಸಿ ಅತ್ತೆಯ ಹೆಸರಿಗೆ ಮಾಡುವುದು. ಇದಕ್ಕೆ ಫಾರಂ 31. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31 ಅರ್ಜಿ ಹಾಕಬೇಕು. ದುಃಖದಲ್ಲಿರುವಾಗ ಈ ಗಡುವು ಯಾರಿಗೂ ನೆನಪಿರುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಬರೆದಿಟ್ಟುಕೊಳ್ಳಿ. ವಿಮೆಯೂ ಹಾಗೇ. ತೀರಿಕೊಂಡವರ ಪಾಲಿಸಿ ಮೂರು ತಿಂಗಳವರೆಗೆ, ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ವಾರಸುದಾರರಿಗೆ ನಡೆಯುತ್ತದೆ. ಆಮೇಲೆ ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಮರಣ ಪ್ರಮಾಣಪತ್ರ ಬೇಗ ಸಿಕ್ಕಿತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಿಸಿ ಹೋದ ಮೇಲೂ ಕಾಯಬೇಕಾಯಿತು. ಜಾಸ್ತಿ ಹಿಡಿದದ್ದು ಮಕ್ಕಳ ಒಪ್ಪಿಗೆ ಪತ್ರ. "ಈ ವಾಹನ ತಾಯಿಯ ಹೆಸರಿಗೆ ಆಗಲು ನಮ್ಮ ಅಭ್ಯಂತರ ಇಲ್ಲ" ಎಂದು ಇಬ್ಬರೂ ಅಫಿಡವಿಟ್ ಕೊಡಬೇಕು. ಬೆಂಗಳೂರಿನ ಮಗಳದು ನೋಟರಿ ಮುಂದೆ ಒಂದೇ ದಿನದಲ್ಲಿ ಆಯಿತು. ಮಗ ದುಬೈಯ ಭಾರತೀಯ ದೂತಾವಾಸದಲ್ಲಿ ಸಮಯ ತೆಗೆದುಕೊಂಡು, ಅಧಿಕಾರಿ ಮುಂದೆ ಸಹಿ ಹಾಕಿ, ಮೂಲಪ್ರತಿಯನ್ನು ಕೊರಿಯರ್ ಮಾಡಬೇಕಾಯಿತು. ಹೊರದೇಶದಲ್ಲಿರುವವರು ರಜೆಗೆ ಊರಿಗೆ ಬಂದಾಗಲೇ ಇಂಥ ಸಹಿ ಮುಗಿಸಿ ಹೋದರೆ ಎಷ್ಟೋ ಸುಲಭ.

ಇಲ್ಲಿ ಒಂದು ಮಾತು. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸುವ ಅವಕಾಶ ಇದೆ. ಹಳೇ ಗಾಡಿಗೂ ಸರ್ಕಾರದ ವಾಹನ ಸೇವೆಯ ಜಾಲತಾಣ ಪರಿವಾಹನ್‌ನಲ್ಲಿ ಸೇರಿಸಬಹುದು. ಮನೆಯ ಹಿರಿಯರ ಹೆಸರಿನಲ್ಲಿ ಗಾಡಿ ಇದ್ದರೆ ಈ ವಾರವೇ ಮಾಡಿಸಿ. ನಾವು ಪಟ್ಟ ಓಡಾಟದಲ್ಲಿ ಅರ್ಧ ಉಳಿಯುತ್ತದೆ.

ಕಾಗದ ಎಲ್ಲ ಜೋಡಿಸಿದೆವು ಎನ್ನುವಾಗ ಇನ್ನೊಂದು ಎದ್ದಿತು. ಆರ್‌ಸಿ ಮೇಲೆ ಬ್ಯಾಂಕಿನ ಹೈಪೊಥಿಕೇಶನ್, ಅಂದರೆ ಕಾರಿನ ಮೇಲೆ ಸಾಲ ಇದೆ ಎನ್ನುವ ನಮೂದು, ಹಾಗೇ ಇತ್ತು. ಸಾಲ ತೀರಿದ್ದು 2014ರಲ್ಲಿ. ಆ ನಮೂದು ತೆಗೆಸಲು ಬ್ಯಾಂಕ್ ಕೊಟ್ಟ ಫಾರಂ 35 ಆಗಲೇ ಆರ್‌ಟಿಒಗೆ ಹೋಗಬೇಕಿತ್ತು, ಹೋಗಿರಲಿಲ್ಲ. ಈಗ ಆ ಬ್ಯಾಂಕೇ ಇನ್ನೊಂದು ಬ್ಯಾಂಕಿನಲ್ಲಿ ವಿಲೀನ ಆಗಿದೆ. ಶಾಖೆ ಜಾಗ ಬದಲಾಯಿಸಿದೆ. ಹಳೇ ಸಾಲದ ಕಡತ ಬೇರೆ ಕಚೇರಿಗೆ ಹೋಗಿದೆ. ಸಾಲ ತೀರಿದ ದಾಖಲೆ ಸಿಗದೆ ಅವರು ಹೊಸ ಫಾರಂ 35 ಕೊಡುವ ಹಾಗಿಲ್ಲ. ನೀಲಿ ಫೈಲು ಮೊದಲ ಸಲ ನಮ್ಮನ್ನು ಉಳಿಸಿದ್ದು ಇಲ್ಲಿ. ಕೊನೆಯ ಕಂತಿನ ರಸೀದಿ, ಸಾಲದ ಖಾತೆ ಸಂಖ್ಯೆ ಎರಡೂ ಅದರಲ್ಲಿದ್ದವು. ಅದನ್ನು ಹಿಡಿದು ಹುಡುಕಿದ ಮೇಲೆ ಕಡತ ಸಿಕ್ಕಿತು. ಆದರೂ ಆರ್‌ಸಿಯಲ್ಲಿ ಒಂದು ಬ್ಯಾಂಕಿನ ಹೆಸರು, ಫಾರಂ 35ರ ಸೀಲಿನಲ್ಲಿ ಇನ್ನೊಂದು. ವಿಲೀನದ ಬಗ್ಗೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬೇಕು ಅಂದರು. ಮತ್ತೆ ಹೋಗಿ ತಂದೆ. ನಿಮ್ಮ ಆರ್‌ಸಿಯಲ್ಲೂ ಈಗ ಇಲ್ಲದ ಬ್ಯಾಂಕಿನ ಹೆಸರಿದ್ದರೆ ಫಾರಂ 35ರ ಜೊತೆಗೇ ಈ ಪತ್ರವನ್ನೂ ಕೇಳಿ ತೆಗೆದುಕೊಳ್ಳಿ.

ಆರ್‌ಸಿ ಅತ್ತೆಯ ಹೆಸರಿಗೆ ಬಂದ ದಿನ ಅವರು ಕಾರ್ಡನ್ನು ದೇವರ ಮುಂದಿಟ್ಟು ಸುಮ್ನೆ ಕೂತಿದ್ದರು. ನಮಗೆ ಅದು ಮುಗಿದ ಕೆಲಸ. ಅವರಿಗೆ ಮಾವನ ಹೆಸರು ಇನ್ನೊಂದು ಕಡೆಯಿಂದ ಅಳಿಸಿದ ಹಾಗೆ. ಇಂಥ ಕೆಲಸ ಮಾಡಿಕೊಡುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಏಪ್ರಿಲ್ ಹೊತ್ತಿಗೆ ಮಾರಾಟಕ್ಕೆ ಹಾಕಿದೆವು. ಬೆಲೆ 18 ಲಕ್ಷ ಎಂದು ಬರೆದೆ. ಫೋಟೋ ತೆಗೆಯುವಾಗ ಚೆನ್ನಾಗಿರುವುದನ್ನು ತೆಗೆದಷ್ಟೇ ಗಮನ ಕೊಟ್ಟು ದೋಷಗಳನ್ನೂ ತೆಗೆದೆ. ಡ್ರೈವರ್ ಸೀಟಿನ ಹೊರ ಅಂಚಿನಲ್ಲಿ ಚರ್ಮ ಸವೆದದ್ದು, ಒಂದು ಚಕ್ರದ ಅಂಚಿಗೆ ಫುಟ್‌ಪಾತ್ ತಾಗಿದ ಗುರುತು. ಇದರಿಂದ ಸುಮ್ನೆ ಬಂದು ಬೆಲೆ ಇಳಿಸುವವರು ಕಮ್ಮಿ ಆದರು.

ಮೊದಲು ಬಂದ ಕರೆಗಳಲ್ಲಿ ಒಬ್ಬ ತಾನು ಸೈನ್ಯದಲ್ಲಿದ್ದೇನೆ ಅಂದ. ನೋಡದೆಯೇ ಕೊಳ್ಳುತ್ತೇನೆ, ಮುಂಗಡ ಕಳಿಸುತ್ತೇನೆ ಅಂದ. ಕಳಿಸಿದ್ದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಬರುತ್ತದಂತೆ. ಹಣ ಪಡೆಯಲು ಎಂದೂ ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ, ಅಷ್ಟೇ. ಅತ್ತೆಯ ವಯಸ್ಸಿನವರು ಒಬ್ಬರೇ ಇರುವ ಮನೆಯಾದರೆ ಜಾಹೀರಾತಿಗೆ ಅವರ ನಂಬರ್ ಕೊಡಲೇಬೇಡಿ.

ಆಮೇಲೆ ಮಂಗಳೂರಿನಿಂದ ಒಬ್ಬ ದಲ್ಲಾಳಿ ಬಂದ. ಬಂದವನೇ ಜೇಬಿನಿಂದ ಚಿಕ್ಕ ಅಯಸ್ಕಾಂತ ತೆಗೆದು ಮುಂದಿನ ಫೆಂಡರ್‌ಗೆ ಇಟ್ಟ. ಅದು ಜಾರಿ ಅವನ ಅಂಗೈಗೆ ಬಿತ್ತು. ಬಾನೆಟ್‌ಗೆ ಇಟ್ಟ, ನಿಲ್ಲಲಿಲ್ಲ. ಬಾಗಿಲು, ಡಿಕ್ಕಿ, ಎಲ್ಲೂ ನಿಲ್ಲಲಿಲ್ಲ. ಛಾವಣಿಗೆ ಇಟ್ಟಾಗ ಮಾತ್ರ ಟಕ್ ಎಂದು ಹಿಡಿಯಿತು. "ದೊಡ್ಡ ಆಕ್ಸಿಡೆಂಟ್ ಆದ ಗಾಡಿ ಇದು, ಇಡೀ ಪುಟ್ಟಿ. ಎಂಟು ಲಕ್ಷ ಕೊಡ್ತೇನೆ" ಅಂದ. ಅತ್ತೆಯ ಮುಖ ಬಾಡಿತು. ಮಾವ ಮುಚ್ಚಿಟ್ಟಿದ್ದರಾ ಎನ್ನುವ ಸಂಶಯ ಒಂದು ಕ್ಷಣ ಅವರಿಗೂ ಬಂತು. ತಗಡಿನ ಮೇಲೆ ದಪ್ಪ ಪುಟ್ಟಿ ಮೆತ್ತಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ, ಅವನ ಲೆಕ್ಕ ಅದು. ನಿಜ ಬೇರೆ. ಈ ಕಾರಿನ ತೂಕ ಇಳಿಸಲು ಮುಂದಿನ ಫೆಂಡರ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿದ್ದಾರೆ. ಬಾನೆಟ್, ಬಾಗಿಲು ಅಲ್ಯೂಮಿನಿಯಂ. ಡಿಕ್ಕಿಯ ಮುಚ್ಚಳ ಫೈಬರ್ ತುಂಬಿದ ಪ್ಲಾಸ್ಟಿಕ್. ಇವು ಕಾರಿನ ಸ್ವಂತ ಭಾಗಗಳೇ ಆದರೂ ಅಯಸ್ಕಾಂತ ನಿಲ್ಲುವುದಿಲ್ಲ. ಅದನ್ನು ವಿವರಿಸಿದರೂ ಅವನು ಕೇಳಲಿಲ್ಲ. ಇಂಥ ಕಾರು ಮಾರುವವರು ಅದು ಯಾವ ಯಾವ ವಸ್ತುವಿನಿಂದ ಆಗಿದೆ ಎಂದು ಮೊದಲೇ ತಿಳಿದುಕೊಂಡಿರಿ. ಮನೆಯವರಿಗೂ ಹೇಳಿಡಿ. ಕೊಳ್ಳುವವರಿಗೂ ಇದೇ ಮಾತು. ಈ ಕಾರಿನಲ್ಲಿ ಅಪಘಾತ ಆದ ಗುರುತು ಹುಡುಕಬೇಕಾದ್ದು ಬಾನೆಟ್ ಬೋಲ್ಟಿನ ಬಣ್ಣದಲ್ಲಿ, ಒಳಗಿನ ವೆಲ್ಡಿಂಗ್‌ನಲ್ಲಿ.

ಗಂಭೀರವಾಗಿ ಕೇಳಿದವರೆಲ್ಲರದೂ ಒಂದೇ ಪ್ರಶ್ನೆ: "ಸೆಪ್ಟೆಂಬರ್‌ಗೆ ಹದಿನೈದು ವರ್ಷ ಆಗುತ್ತಲ್ಲ, ರಿನ್ಯೂವಲ್ ಯಾರು ಮಾಡಿಸುವುದು?" ಅವರ ಪ್ರಶ್ನೆ ಸರಿಯೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಮುಗಿಯುವ 60 ದಿನ ಮೊದಲಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ನವೀಕರಣ ಆದರೆ ಇನ್ನೈದು ವರ್ಷ. ಸಾಮಾನ್ಯ ಕಾರಿಗೆ 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ರೂಪಾಯಿ. ಆಮದು ಕಾರಿಗೆ 40,000. ನಮ್ಮದು ಜರ್ಮನಿಯಿಂದ ಇಡಿಯಾಗಿ ಬಂದ ಗಾಡಿ. ದಾಖಲೆಯಲ್ಲಿ ಆಮದು ಎಂದೇ ಇತ್ತು. ಹಾಗಾಗಿ 40,000 ಕಟ್ಟಬೇಕಾಯಿತು. 20 ವರ್ಷ ದಾಟಿದ ಆಮದು ಕಾರಿಗೆ 2025ರ ಆಗಸ್ಟ್‌ನಿಂದ ಇದು 80,000 ಆಗಿದೆ. ಇಂಥ ಕಾರು ಕೊಳ್ಳುವಾಗಲೂ ಈ ಲೆಕ್ಕ ತಲೆಯಲ್ಲಿರಲಿ.

ನವೀಕರಣ ಮಾಡಿಸಿಯೇ ಮಾರುವುದು ಅಂತ ತೀರ್ಮಾನಿಸಿದೆವು. ಅಂದರೆ ಇಡೀ ಮಳೆಗಾಲ ಕಾರು ನಮ್ಮಲ್ಲೇ. ಆ ನಾಲ್ಕು ತಿಂಗಳು ನನಗೆ ಅದರದ್ದೇ ಚಿಂತೆ. ಬಟ್ಟೆಯ ಹೊದಿಕೆ ಹಾಕಿದರೆ ತೇವ ಒಳಗೇ ಉಳಿದು ಬಣ್ಣಕ್ಕೆ ಪೆಟ್ಟು. ಹಾಗಾಗಿ ಹೊದಿಕೆ ಇಲ್ಲದೆ, ಶೆಡ್‌ನ ಎರಡೂ ಕಡೆ ಗಾಳಿ ಆಡುವ ಹಾಗೆ ಬಿಟ್ಟೆ. ಸೀಟಿನ ಚರ್ಮಕ್ಕೆ ಬೂಸ್ಟು ಬಾರದ ಹಾಗೆ ತೇವ ಹೀರುವ ಡಬ್ಬಿಗಳನ್ನು ಒಳಗಿಟ್ಟೆ. ವಾರಕ್ಕೊಮ್ಮೆ ಅವುಗಳಿಂದ ನೀರು ಚೆಲ್ಲುವಾಗ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಗೊತ್ತಾಗುತ್ತಿತ್ತು. ಬಾನೆಟ್ ಒಳಗೆ ಇಲಿ ಸೇರದ ಹಾಗೆ ಕೆಳಗೆ ಜಾಲರಿ ಹಾಕಿಸಿದೆ. ಇಲಿ ಒಂದು ವಯರ್ ಕಡಿದರೂ ಈ ಕಾರಿನಲ್ಲಿ ಹುಡುಕಲಿಕ್ಕೇ ದಿನ ಹಿಡಿಯುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿರುವುದು. ಅದಕ್ಕೆ ನಿಧಾನಕ್ಕೆ ಚಾರ್ಜ್ ಕೊಡುತ್ತಲೇ ಇರುವ ಟ್ರಿಕಲ್ ಚಾರ್ಜರ್ ಸಿಕ್ಕಿಸಿದೆ. ಬ್ಯಾಟರಿ ಸತ್ತು ಹೊಸದು ಹಾಕಿದರೆ ಸಾಲದು. ಹೊಸ ಬ್ಯಾಟರಿ ಬಂದಿದೆ ಎಂದು ಕಾರಿನ ಕಂಪ್ಯೂಟರ್‌ಗೆ ಸ್ಕ್ಯಾನರ್ ಮೂಲಕ ದಾಖಲಿಸಬೇಕು, ಇಲ್ಲದಿದ್ದರೆ ಚಾರ್ಜಿಂಗ್ ಹದ ತಪ್ಪುತ್ತದೆ. ಪೆಟ್ರೋಲ್ ವಿಷಯವೂ ಇದೆ. ಈಗ ಬಂಕ್‌ನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಇರುವ ಇ20. ಎಥೆನಾಲ್ ತೇವ ಹೀರುತ್ತದೆ. ಕಾರು ನಿಂತೇ ಇರುವಾಗ ಹಳೇ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಉಳಿಯದ ಹಾಗೆ ನೋಡಿಕೊಳ್ಳಿ. ಮಳೆ ಬಿಟ್ಟ ದಿನ ಎಂಜಿನ್ ಪೂರ್ತಿ ಬಿಸಿ ಆಗುವವರೆಗೆ ಓಡಿಸಿ ತರುತ್ತಿದ್ದೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಒಳ್ಳೆಯದಲ್ಲ, ಒಳಗೆ ತೇವ ಉಳಿಯುತ್ತದೆ.

ನವೀಕರಣಕ್ಕೆ ಗಾಡಿ ತೋರಿಸುವ ದಿನ ಕಾದದ್ದು ಚಾಸಿಸ್ ನಂಬರಿನ ಅಚ್ಚಿಗಾಗಿ. ಬಾನೆಟ್ ಎತ್ತಿದರೆ ನಂಬರ್ ಸಸ್ಪೆನ್ಷನ್ ಟವರ್ ಮೇಲಿದೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಅಚ್ಚು ತೆಗೆಯುವ ಹುಡುಗ ಇಂಥ ಗಾಡಿ ನೋಡಿರಲಿಲ್ಲ. ಮುಚ್ಚಳ ಬಿಚ್ಚಿ, ಬಟ್ಟೆಯಿಂದ ಧೂಳು ಒರೆಸಿ, ಸೆಲೋಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್ ಮಲಗಿಸಿ ನಿಧಾನಕ್ಕೆ ಉಜ್ಜಿದ. ಒಂದೊಂದೇ ಅಕ್ಷರ ಕಪ್ಪಾಗಿ ಎದ್ದು ಬಂತು. ಮೊದಲ ಟೇಪ್ ನಡುವೆ ಸುಕ್ಕಾಯಿತು. ಎರಡನೆಯದು ಸರಿ ಬಂತು. ಹೊರಡುವ ಮೊದಲು ನಿಮ್ಮ ಗಾಡಿಯ ನಂಬರ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ, ಮುಚ್ಚಳ ಬಿಚ್ಚುವ ಟೂಲ್ ಜೊತೆಗಿರಲಿ. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಹೊಗೆ ಪ್ರಮಾಣಪತ್ರ, ಚಾಲ್ತಿ ವಿಮೆ ಇದ್ದರೆ ಉಳಿದದ್ದು ಸರಾಗ. ವಿಮೆಯಲ್ಲಿ ಒಂದು ಸಮಾಧಾನ. 1,500 ಸಿಸಿ ದಾಟಿದ ಯಾವುದೇ ಖಾಸಗಿ ಕಾರಿಗೂ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ, ನಾವು ಕಟ್ಟುವಾಗ 7,897 ರೂಪಾಯಿ. 4.8 ಲೀಟರ್ ಎಂಜಿನ್ ಎಂದು ಜಾಸ್ತಿ ಇಲ್ಲ. ಹಳೇ ಕಾರಿನ ಸ್ವಂತ ಹಾನಿ ವಿಮೆಗೆ ಮಾತ್ರ ಬೆಲೆಯನ್ನು ಕಂಪನಿ ಜೊತೆ ಮಾತಾಡಿ ನಿಗದಿ ಮಾಡಬೇಕು.

ಆಯುಧ ಪೂಜೆಗೆ ಕಾರು ತೊಳೆದು ಹೂವು ಹಾಕಿದೆವು. ಅದೇ ವಾರ ಕೊಚ್ಚಿಯ ವೈದ್ಯರೊಬ್ಬರು ಫೋನ್ ಮಾಡಿದರು. ಬೆಲೆ ಕೇಳುವ ಮೊದಲು ಅವರು ಕೇಳಿದ್ದು, "ವಾಲ್ವ್ ಸೀಲ್ ಬದಲಾಯಿಸಿದ್ದೀರಾ?" ಕಾರು ಗೊತ್ತಿರುವವರು ಅಂತ ಅಲ್ಲೇ ಖಾತ್ರಿ ಆಯಿತು. ಈ ಎನ್62 ಎಂಜಿನ್‌ನ ದೊಡ್ಡ ದೌರ್ಬಲ್ಯ ಅದೇ. ಶಾಖಕ್ಕೆ ವಾಲ್ವ್ ಸೀಲ್ ಗಟ್ಟಿಯಾಗಿ ಆಯಿಲ್ ಒಳಗೆ ಇಳಿಯುತ್ತದೆ. ಎರಡನೆಯದು, ಎಂಜಿನ್ ನಡುವಿನ ಕೂಲಂಟ್ ಪೈಪ್‌ನ ಸೀಲ್ ಸೋರುವುದು. ಮಾವ 2019ರಲ್ಲಿ ಎರಡನ್ನೂ ಒಟ್ಟಿಗೆ ಮಾಡಿಸಿದ್ದರು. ಬಿಲ್ಲಿನ ಫೋಟೋ ಕಳಿಸಿದೆ. ಅವರು ಒಬ್ಬ ಮೆಕ್ಯಾನಿಕ್ ಜೊತೆ ರೈಲಿನಲ್ಲಿ ಉಡುಪಿಗೆ ಬಂದರು.

ಮೆಕ್ಯಾನಿಕ್ ಕಾರನ್ನು ಬಿಸಿ ಮಾಡಿ, ಹಾಗೇ ಐಡಲ್‌ನಲ್ಲಿ ಬಿಟ್ಟು ಕಾಲು ಗಂಟೆ ಕಾದರು. ಯಾರೂ ಮಾತಾಡಲಿಲ್ಲ. ನಂತರ ನಾವೆಲ್ಲ ಹಿಂದೆ ಹೋಗಿ ನಿಂತೆವು. ಅವರು ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರು. ಸೀಲ್ ಹಾಳಾಗಿದ್ದರೆ ಆಗ ಸೈಲೆನ್ಸರ್‌ನಿಂದ ನೀಲಿ ಹೊಗೆ ದಟ್ಟವಾಗಿ ಬರಬೇಕು. ಬರಲಿಲ್ಲ. ಮತ್ತೊಮ್ಮೆ ಒತ್ತಿದರು. ಆಗಲೂ ಇಲ್ಲ. ಟಾರ್ಚ್ ಹಿಡಿದು ಎಂಜಿನ್ ಮುಂಭಾಗ ನೋಡಿದಾಗ ಕೂಲಂಟ್ ಗುರುತು ಇರಲಿಲ್ಲ, ಆಲ್ಟರ್ನೇಟರ್ ಬ್ರ್ಯಾಕೆಟ್ ಗ್ಯಾಸ್ಕೆಟ್‌ನಲ್ಲಿ ಆಯಿಲ್ ಜಿನುಗುತ್ತಿತ್ತು. ಟೈರ್ ಮೇಲಿನ ನಾಲ್ಕು ಅಂಕಿ ಓದಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. ಸವೆತ ಕಮ್ಮಿ ಇದ್ದರೂ ಟೈರ್‌ಗಳಿಗೆ ಏಳು ವರ್ಷ ಆಗಿತ್ತು. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಬಿಲ್ಲು ಕೇಳಿದರು, ಅದೂ ಫೈಲಿನಲ್ಲಿತ್ತು.

ಟೆಸ್ಟ್ ಡ್ರೈವ್‌ಗೆ ಹೆದ್ದಾರಿ 66ರಲ್ಲಿ ಬ್ರಹ್ಮಾವರ, ಸಾಸ್ತಾನದ ಟೋಲ್, ಕುಂದಾಪುರ ದಾಟಿ ಮರವಂತೆವರೆಗೆ ಹೋದೆವು. ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆ, ಆದರೂ ಆ ಎಂಜಿನ್ ಎಳೆಯುವ ರೀತಿ ಕೇಳಿ ಕಣ್ಣು ತುಂಬಿತು. ಮಾವ ಇಷ್ಟಪಟ್ಟದ್ದು ಇದನ್ನೇ.

15.75 ಲಕ್ಷಕ್ಕೆ ಮಾತು ಮುಗಿಯಿತು. ಟೈರ್, ಗ್ಯಾಸ್ಕೆಟ್ ಎರಡಕ್ಕೂ ನಾನು ಬಿಟ್ಟುಕೊಟ್ಟದ್ದು ಅಷ್ಟು. ಫೈಲು ಇಲ್ಲದಿದ್ದರೆ ಇದರ ಹತ್ತಿರವೂ ಬರುತ್ತಿರಲಿಲ್ಲ ಎಂದು ಅವರೇ ಹೇಳಿದರು. ಹಣ ಪೂರ್ತಿ ಬ್ಯಾಂಕ್ ಮೂಲಕ ಅತ್ತೆಯ ಖಾತೆಗೆ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ನಮ್ಮ ಮಾರಾಟಕ್ಕೆ ಇಬ್ಬರ ಪ್ಯಾನ್ ಕೂಡ ಬೇಕಾಯಿತು. ಸ್ವಂತ ಬಳಕೆಯ ಕಾರನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಹಳೇ ಕಾರಿನ ಜಿಎಸ್‌ಟಿ ವ್ಯಾಪಾರಿಗಳಿಗೆ, ನಮ್ಮಂಥ ಮನೆಯವರಿಗಲ್ಲ.

ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಅದಕ್ಕೆ ಮತ್ತೆ ಚಾಸಿಸ್ ಅಚ್ಚು, ಬಾಕಿ ದಂಡ ಇಲ್ಲದಿರುವುದು, ಕಳವಿನ ದಾಖಲೆಯ ತಪಾಸಣೆ. ಮಾವನ ಕಾಲದ ಒಂದು ಹಳೇ ದಂಡ ಆಗ ಕಣ್ಣಿಗೆ ಬಿತ್ತು, ಕಟ್ಟಿ ಮುಗಿಸಿದೆವು. ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಅತ್ತೆ ಸಹಿ ಹಾಕಿದರು. ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ. ಕೊಳ್ಳುವವರ ಹೆಸರು, ದಿನಾಂಕ ತುಂಬಿದ ಮೇಲೇ ಸಹಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಕಾರಿನದ್ದಲ್ಲ, ಮಾಲೀಕರದ್ದು. ವಿಮಾ ಕಂಪನಿಯಿಂದ ಅದರ ಪತ್ರ ತೆಗೆದಿಟ್ಟುಕೊಂಡರೆ ಮುಂದಿನ ಕಾರಿಗೆ ಉಪಯೋಗ ಆಗುತ್ತದೆ. ಫಾಸ್ಟ್ಯಾಗ್ ಮುಚ್ಚಿಸಿ, ಸ್ಟಿಕ್ಕರ್ ಕಿತ್ತು ಕೊಡಿ.

ಕಾರು ಒಪ್ಪಿಸುವಾಗ ಒಂದು ಡೆಲಿವರಿ ನೋಟ್ ಬರೆದೆವು. ಕಿಲೋಮೀಟರ್, ದಿನಾಂಕ, ಬೆಳಿಗ್ಗೆ 7.40 ಎನ್ನುವ ಸಮಯ, "ಇನ್ನು ಮುಂದಿನ ಎಲ್ಲ ಹೊಣೆ ಕೊಂಡವರದ್ದು" ಎನ್ನುವ ವಾಕ್ಯ, ಇಬ್ಬರ ಸಹಿ, ಆಧಾರ್ ಪ್ರತಿ. ವೈದ್ಯರು ನೀಲಿ ಫೈಲನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಕೇರಳ ಗಡಿಯ ತಲಪಾಡಿ ಕಡೆ ಹೊರಟರು. ಅದೇ ಮಧ್ಯಾಹ್ನ ಕೇರಳದ ಕ್ಯಾಮೆರಾ ಒಂದರ ವೇಗದ ದಂಡದ ಸಂದೇಶ ಅತ್ತೆಯ ಮೊಬೈಲ್‌ಗೆ ಬಂತು, ದಾಖಲೆಯಲ್ಲಿ ಇನ್ನೂ ಅವರ ಹೆಸರೇ ಇತ್ತಲ್ಲ. ಡೆಲಿವರಿ ನೋಟಿನ ಫೋಟೋ ಜೊತೆ ಸಂದೇಶವನ್ನು ವೈದ್ಯರಿಗೆ ಕಳಿಸಿದೆ. ಸಂಜೆಯೊಳಗೆ ದಂಡ ಕಟ್ಟಿ ರಸೀದಿ ಕಳಿಸಿದರು. ಕೆಎಲ್ ನಂಬರಿನ ಹೊಸ ಆರ್‌ಸಿ ಬರುವವರೆಗೆ ವಾರಕ್ಕೊಮ್ಮೆ ಪರಿವಾಹನ್‌ನಲ್ಲಿ ನೋಡುತ್ತಿದ್ದೆ. ಮೊನ್ನೆ ಅವರ ಹೆಸರು ಬಂತು.